ಆವರ್ತನದ ಅಂಕಿಯಿಂದ ರೇಡಿಯೊ ಬ್ಯಾಂಡನ್ನು ಅರಿಯುವ ಬಗೆ

ರೇಡಿಯೊ, ಮೊಬೈಲ್ ಗೋಪುರ, ರೇಡಾರ್, ಉಪಗ್ರಹ ಇವುಗಳ ವಿವರದಲ್ಲೆಲ್ಲ ಕಿಲೋಹರ್ಟ್ಸ್, ಮೆಗಾಹರ್ಟ್ಸ್ ಅಥವಾ ಗಿಗಾಹರ್ಟ್ಸ್ ಲೆಕ್ಕದ ಒಂದು ಅಂಕಿ ಇರುತ್ತದೆ. ಅದೇ ಆವರ್ತನ, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬ ಲೆಕ್ಕ. ಬ್ಯಾಂಡುಗಳ, ಅಂದರೆ ಆವರ್ತನಗಳ ಗುಂಪುಗಳ, ಕೋಷ್ಟಕವನ್ನು ಬಾಯಿಪಾಠ ಮಾಡುವ ಮೊದಲು ಆ ಅಂಕಿಯನ್ನು ತರಂಗಾಂತರಕ್ಕೆ, ಅಂದರೆ ಅಲೆಯ ಉದ್ದಕ್ಕೆ, ಬದಲಾಯಿಸಿಕೊಳ್ಳುವುದನ್ನು ರೂಢಿಸಿಕೊಳ್ಳಿ. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಉತ್ತರ ಮೀಟರಿನಲ್ಲಿ ಬರುತ್ತದೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಆವರ್ತನ 612 ಕಿಲೋಹರ್ಟ್ಸ್, ಎಂದರೆ 0.612 ಮೆಗಾಹರ್ಟ್ಸ್, ಅದರ ಅಲೆ ಸುಮಾರು 490 ಮೀಟರ್ ಉದ್ದ. ಅದೇ ಊರಿನ ಎಫ್.ಎಂ. ರೇನ್‌ಬೋ 101.3 ಮೆಗಾಹರ್ಟ್ಸ್‌ನಲ್ಲಿದೆ, ಅಲೆ ಮೂರು ಮೀಟರಿಗೆ ತುಸು ಕಡಿಮೆ. ವೈಫೈನ 2.4 ಗಿಗಾಹರ್ಟ್ಸ್‌ಗೆ, ಎಂದರೆ 2,400 ಮೆಗಾಹರ್ಟ್ಸ್‌ಗೆ, ಹನ್ನೆರಡೂವರೆ ಸೆಂಟಿಮೀಟರ್.

ಹೀಗೆ ಲೆಕ್ಕ ಹಾಕಿದಾಗ ಬ್ಯಾಂಡುಗಳ ಗಡಿಗಳೂ ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ. ಅಲೆಯ ಉದ್ದ 100ರಿಂದ 1,000 ಮೀಟರ್ ಇದ್ದರೆ ಮಧ್ಯಮ ತರಂಗ, 10ರಿಂದ 100 ಮೀಟರ್ ಇದ್ದರೆ ಎಚ್‌ಎಫ್ ಅಥವಾ ಶಾರ್ಟ್‌ವೇವ್, 1ರಿಂದ 10 ಮೀಟರ್ ಇದ್ದರೆ ವಿಎಚ್‌ಎಫ್, 10 ಸೆಂಟಿಮೀಟರಿನಿಂದ 1 ಮೀಟರ್ ಇದ್ದರೆ ಯುಎಚ್‌ಎಫ್. ಆವರ್ತನದ ಕೋಷ್ಟಕದಲ್ಲಿ 3, 30, 300 ಎಂಬ ವಿಚಿತ್ರ ಗಡಿಗಳು ಕಾಣುವುದು ಈ ಕಾರಣಕ್ಕೇ.

ಎರಡನೆಯ ಹೆಜ್ಜೆಯಾಗಿ ಅಲೆಯ ಉದ್ದವನ್ನು ಆಂಟೆನಾದೊಂದಿಗೆ ಹೋಲಿಸಿ. ಕಡ್ಡಿಯ ಆಂಟೆನಾ ಅಲೆಯ ಕಾಲು ಭಾಗದಷ್ಟಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. 101.3ಕ್ಕೆ ಅದು 74 ಸೆಂಟಿಮೀಟರ್, ಎಂದರೆ ಟ್ರಾನ್ಸಿಸ್ಟರಿನ ಕಡ್ಡಿಯನ್ನು ಪೂರ್ತಿ ಎಳೆದಾಗ ಸಿಗುವ ಉದ್ದಕ್ಕೆ ಹತ್ತಿರ. 612 ಕಿಲೋಹರ್ಟ್ಸ್‌ಗೆ 120 ಮೀಟರಿಗಿಂತ ಹೆಚ್ಚು ಬೇಕಾಗುವುದರಿಂದ, ಡಬ್ಬಿಯೊಳಗೆ ತಾಮ್ರದ ತಂತಿ ಸುತ್ತಿದ, ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಪ್ಪು ಕಡ್ಡಿಯನ್ನು ಆಂಟೆನಾ ಆಗಿ ಇಟ್ಟಿರುತ್ತಾರೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು: ಮಧ್ಯಮ ತರಂಗದ ಕೇಂದ್ರವೊಂದನ್ನು ಹಿಡಿದು ರೇಡಿಯೊವನ್ನು ಮೇಜಿನ ಮೇಲೆ ನಿಧಾನವಾಗಿ ತಿರುಗಿಸಿ. ಫೆರೈಟ್ ಕಡ್ಡಿಯ ತುದಿ ಪ್ರಸಾರ ಕೇಂದ್ರದ ಕಡೆಗೆ ನೆಟ್ಟಗಾದ ಕ್ಷಣದಲ್ಲಿ ಧ್ವನಿ ಕುಗ್ಗುತ್ತದೆ. ಅಡ್ಡಲಾದಾಗ ಮತ್ತೆ ತುಂಬಿಕೊಳ್ಳುತ್ತದೆ.

ಅಲೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ತಿಳಿಯಲು ಹೊತ್ತನ್ನೂ ಗಮನಿಸಬೇಕು. ಮಧ್ಯಮ ತರಂಗ ಹಗಲಿನಲ್ಲಿ ನೆಲವನ್ನು ಅನುಸರಿಸಿ ಸಾಗುತ್ತದೆ. ಆಕಾಶಕ್ಕೇರಿದ ಭಾಗವನ್ನು ಅಯಾನಗೋಳದ, ಅಂದರೆ ವಾತಾವರಣದ ಮೇಲ್ಭಾಗದಲ್ಲಿರುವ ವಿದ್ಯುದಾವಿಷ್ಟ ಪದರಗಳ, ಕೆಳಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆ ಮೇಲಿನ ಪದರದಿಂದ ಮತ್ತೆ ನೆಲದತ್ತ ಬಾಗುವುದರಿಂದಲೇ ರಾತ್ರಿ ದೂರದ ಕೇಂದ್ರಗಳು ಕೇಳಿಸತೊಡಗುತ್ತವೆ. ಹವ್ಯಾಸಕ್ಕಾಗಿ ರೇಡಿಯೊ ಸಂಪರ್ಕ ನಡೆಸುವ ಹ್ಯಾಮ್ ರೇಡಿಯೊದವರು ಖಂಡಾಂತರ ಸಂಪರ್ಕಕ್ಕೆ ಸಾಮಾನ್ಯವಾಗಿ ಹಗಲಿನಲ್ಲಿ 14 ಮೆಗಾಹರ್ಟ್ಸನ್ನೂ ರಾತ್ರಿ 7 ಮೆಗಾಹರ್ಟ್ಸನ್ನೂ ಆರಿಸುವುದು ಇದೇ ಅಯಾನಗೋಳದ ಏರಿಳಿತವನ್ನು ನೋಡಿಕೊಂಡು. ವಿಎಚ್‌ಎಫ್‌ನಿಂದ ಮೇಲೆ ಬಹುಮಟ್ಟಿಗೆ ನೇರ ದೃಷ್ಟಿಯ ದಾರಿಯೇ ಗತಿ. ಕೇಳುವುದು ಒಂದು ಮಾತು, ಪ್ರಸಾರ ಮಾಡುವುದು ಇನ್ನೊಂದು. ಹ್ಯಾಮ್ ಬ್ಯಾಂಡುಗಳಲ್ಲಿ ಪ್ರಸಾರ ಮಾಡಲು ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಪರವಾನಗಿ ಪಡೆಯಲೇಬೇಕು.

ರೇಡಾರಿಗೆ ಬಂದಾಗ ಅಕ್ಷರಗಳು ಎದುರಾಗುತ್ತವೆ: ಎಲ್ 1ರಿಂದ 2, ಎಸ್ 2ರಿಂದ 4, ಸಿ 4ರಿಂದ 8, ಎಕ್ಸ್ 8ರಿಂದ 12, ಕೆಯು 12ರಿಂದ 18 ಗಿಗಾಹರ್ಟ್ಸ್. ಎರಡನೆಯ ಮಹಾಯುದ್ಧದ ಗೋಪ್ಯತೆಯಲ್ಲಿ ಹುಟ್ಟಿದ ಈ ಹೆಸರುಗಳಿಗೆ ವರ್ಣಮಾಲೆಯ ಕ್ರಮವಿಲ್ಲ. ನೇಟೋ ಸೇನಾ ಒಕ್ಕೂಟ ಬಳಸುವ ಅಕ್ಷರಗಳಂತೂ ಬೇರೆಯೇ. ಆದ್ದರಿಂದ ಅಕ್ಷರವನ್ನಷ್ಟೇ ನಂಬದೆ ಅಂಕಿಯನ್ನು ನೋಡಿ.

ಇಲ್ಲಿ ಉಪಯೋಗಕ್ಕೆ ಬರುವ ಇನ್ನೊಂದು ಸೂತ್ರವಿದೆ. ಅಲೆಯ ಉದ್ದವನ್ನು ಬಟ್ಟಲಿನ (ಬಟ್ಟಲಿನಾಕಾರದ ಆಂಟೆನಾದ) ವ್ಯಾಸದಿಂದ ಭಾಗಿಸಿ 70ರಿಂದ ಗುಣಿಸಿದರೆ ರೇಡಾರ್ ಕಿರಣದ ಅಗಲ ಸುಮಾರಾಗಿ ಡಿಗ್ರಿಯಲ್ಲಿ ಸಿಗುತ್ತದೆ. ಒಂದು ಡಿಗ್ರಿಯ ಕಿರಣಕ್ಕೆ 10 ಸೆಂಟಿಮೀಟರಿನ ಎಸ್ ಬ್ಯಾಂಡಿನಲ್ಲಿ ಏಳು ಮೀಟರಿನ ಬಟ್ಟಲು ಬೇಕು. 3 ಸೆಂಟಿಮೀಟರಿನ ಎಕ್ಸ್ ಬ್ಯಾಂಡಿನಲ್ಲಿ ಎರಡು ಮೀಟರಿಗೆ ಸ್ವಲ್ಪ ಮೇಲಿದ್ದರೆ ಸಾಕು. ಹಾಗಾದರೆ ಎಲ್ಲ ಹವಾಮಾನ ರೇಡಾರುಗಳನ್ನೂ ಎಕ್ಸ್ ಬ್ಯಾಂಡಿನಲ್ಲೇ ಏಕೆ ಕಟ್ಟುವುದಿಲ್ಲ? ಮಳೆಹನಿಗಿಂತ ಅಲೆ ಬಹಳ ದೊಡ್ಡದಿರುವಾಗ, ಅಲೆಯ ಉದ್ದ ಅರ್ಧವಾದರೆ ಹನಿ ಹಿಂತಿರುಗಿಸುವ ಪ್ರಮಾಣ ಹದಿನಾರು ಪಟ್ಟಾಗುತ್ತದೆ. ಸಣ್ಣ ಮಳೆಯೂ ಕಾಣುತ್ತದೆ. ಆದರೆ ಅದೇ ಮಳೆ ಆ ಅಲೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದೂ ಉಂಟು. ಧಾರಾಕಾರ ಮಳೆಯ ಮೋಡದ ಹಿಂದೆ ಇನ್ನೊಂದು ಮೋಡವಿದ್ದರೆ ಎಕ್ಸ್ ಬ್ಯಾಂಡಿನ ಪರದೆಯಲ್ಲಿ ಅದು ಮಸುಕಾಗಬಹುದು, ಕಾಣದೆಯೂ ಹೋಗಬಹುದು. ಚಂಡಮಾರುತ ಬರುವ ಕರಾವಳಿಯಲ್ಲಿ ಭಾರವಾದ, ದುಬಾರಿಯಾದ ಎಸ್ ಬ್ಯಾಂಡನ್ನೇ ಆರಿಸುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಖರ್ಚು. ಜೋರು ಮಳೆಗೆ ಮನೆಯ ಡಿಟಿಎಚ್ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುವುದಕ್ಕೂ ಕೆಯು ಬ್ಯಾಂಡಿನ ಇದೇ ದೌರ್ಬಲ್ಯ ಕಾರಣ.

ಕೊನೆಯದಾಗಿ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇಸ್ರೊ ನಿಲ್ಲಿಸಿರುವ 32 ಮೀಟರಿನ ಬಟ್ಟಲಿಗೆ ಈ ಸೂತ್ರವನ್ನು ಅನ್ವಯಿಸಿ ನೋಡಿ. ಎಕ್ಸ್ ಬ್ಯಾಂಡಿನ 8.4 ಗಿಗಾಹರ್ಟ್ಸ್‌ಗೆ ಅಲೆ ಸುಮಾರು 3.6 ಸೆಂಟಿಮೀಟರ್, ಕಿರಣದ ಅಗಲ 0.08 ಡಿಗ್ರಿ. ಹುಣ್ಣಿಮೆಯ ಚಂದ್ರಬಿಂಬದ ಅಗಲ ಅರ್ಧ ಡಿಗ್ರಿಯಾದ್ದರಿಂದ, ಚಂದ್ರನನ್ನು ಸುತ್ತುವ ನೌಕೆಯ ಮಾತು ಕೇಳಲು ಆ ಬಟ್ಟಲನ್ನು ಬಿಂಬದ ಆರನೆಯ ಒಂದು ಭಾಗದಷ್ಟು ಜಾಗಕ್ಕೆ ಗುರಿಯಿಟ್ಟು, ಭೂಮಿ ತಿರುಗಿದಂತೆಲ್ಲ ತಿರುಗಿಸುತ್ತಿರಬೇಕು.