ಒಂದೂವರೆ ಸೆಂಟ್ಸ್ ಲಾನಿಗೆ ಮೂರು ಮಿಷನ್

ನಮ್ಮ ಮನೆ ಉಡುಪಿ ಬದಿಯ ಪರ್ಕಳದ ಹತ್ತಿರ. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ನಾಲ್ಕು ತೆಂಗಿನ ಮರ ಎಲ್ಲ ಕಳೆದು ಎದುರುಗಡೆ ಉಳಿದದ್ದು 35 ಅಡಿ ಉದ್ದ, 20 ಅಡಿ ಅಗಲದ ಹುಲ್ಲು. ಲೆಕ್ಕ ಹಾಕಿದರೆ ಒಂದೂವರೆ ಸೆಂಟ್ಸಿಗಿಂತ ಚೂರು ಜಾಸ್ತಿ. ಅಷ್ಟು ಜಾಗದ ಹುಲ್ಲು ಕತ್ತರಿಸಲು ನಾನು ಆರು ವರ್ಷದಲ್ಲಿ ಮೂರು ಮಿಷನ್ ತಂದಿದ್ದೇನೆ. ಮನೆಯಲ್ಲಿ ಈಗಲೂ ಇದರ ಬಗ್ಗೆ ಹೇಳಿ ನಗ್ತಾರೆ, ನಗಲಿ ಬಿಡಿ.

ಮೊದಲು ತಂದದ್ದು ಪೆಟ್ರೋಲಿನ ಹುಲ್ಲು ಕಟ್ಟರ್, ಹೆಗಲಿಗೆ ಬೆಲ್ಟ್ ಹಾಕಿಕೊಂಡು ಅಡಿಕೆ ತೋಟದಲ್ಲಿ ಹೊಡೆಯುತ್ತಾರಲ್ಲ, ಅದೇ. ನಮ್ಮ ಕಡೆ ಹುಲ್ಲು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಅದೊಂದೇ. ತೋಟಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ, ಒಪ್ಪುತ್ತೇನೆ. ಆದರೆ ಲಾನಿಗೆ? ಎಷ್ಟು ಎತ್ತರಕ್ಕೆ ಕತ್ತರಿಸಬೇಕು ಅನ್ನುವುದು ಪೂರ್ತಿ ನಮ್ಮ ಕೈಯ ಮೇಲೆ. ಕೈ ಒಂದು ಇಂಚು ಕೆಳಗೆ ಹೋದರೆ ಮಣ್ಣು ಕಾಣುತ್ತದೆ, ಮೇಲೆ ಹೋದರೆ ಜುಟ್ಟು ಉಳಿಯುತ್ತದೆ. ಮೊದಲ ಸಲ ಹೊಡೆದು ಮುಗಿಸಿದಾಗ ನಮ್ಮ ಲಾನ್, ಹೊಸದಾಗಿ ಕೆಲಸ ಕಲಿಯುವ ಹುಡುಗನ ಕೈಗೆ ತಲೆ ಕೊಟ್ಟ ಹಾಗಿತ್ತು. ಎರಡನೇ ತಿಂಗಳು ಒಂದು ಮುರಕಲ್ಲಿನ ಚೂರು ಹಾರಿ ಕಿಟಕಿಯ ಗಾಜಿಗೆ ಬಡಿಯಿತು. ಚಿಕ್ಕು ಗಿಡದ ಬುಡದಲ್ಲಿ ಕಟ್ಟರಿನ ತುದಿಯಲ್ಲಿ ತಿರುಗುವ ನೈಲಾನ್ ದಾರ ಸುತ್ತಲೂ ಸಿಪ್ಪೆ ಎಬ್ಬಿಸಿದ್ದು ನನಗೆ ಗೊತ್ತೇ ಆಗಲಿಲ್ಲ, ಗಿಡ ಒಣಗಿದ ಮೇಲೆ ಬಗ್ಗಿ ನೋಡಿದೆ. ಸುತ್ತ ಸಿಪ್ಪೆ ಹೋದರೆ ಗಿಡಕ್ಕೆ ಆಹಾರ ಇಳಿಯುವ ದಾರಿಯೇ ಹೋಯಿತು, ಮತ್ತೆ ಬದುಕುವುದಿಲ್ಲ.

ಪೆಟ್ರೋಲಿಗೆ ಆಯಿಲ್ ಮಿಕ್ಸ್ ಮಾಡುವ ರಗಳೆ ಬೇರೆ. ಎರಡು ತಿಂಗಳು ಮುಟ್ಟದೆ ಇಟ್ಟರೆ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ 20% ತನಕ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮಿಷನ್ ಮೂಲೆಗೆ ಇಡಬೇಡಿ. ಪೂರ್ತಿ ಖಾಲಿ ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ ಇಡಿ. ಇದು ನನಗೆ ಎರಡು ಸಲ ರಿಪೇರಿಗೆ ಕೊಟ್ಟ ಮೇಲೆ ಬಂದ ಬುದ್ಧಿ.

ಎರಡನೆಯದು ಕೈಯಲ್ಲಿ ತಳ್ಳುವ ರೀಲ್ ಮೋವರ್. 12 ಇಂಚಿನದು. ಎಂಜಿನ್ ಇಲ್ಲ, ಮೋಟರ್ ಇಲ್ಲ. ಚಕ್ರ ತಿರುಗಿದರೆ ಅದರ ಜೊತೆ ಐದು ಬ್ಲೇಡಿನ ಉರುಳೆ ತಿರುಗುತ್ತದೆ, ಕೆಳಗೆ ಕದಲದ ಒಂದು ಪಟ್ಟಿ ಇರುತ್ತದೆ, ಎರಡರ ನಡುವೆ ಸಿಕ್ಕ ಹುಲ್ಲು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತುಂಡಾಗುತ್ತದೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವರು ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲೆ ಎದ್ದ ನೂಲು ಕತ್ತರಿಸುವ ಯಂತ್ರ ನೋಡಿ ಇದನ್ನು ಮಾಡಿದ್ದಂತೆ. ಇವತ್ತಿಗೂ ಕೆಲಸದ ರೀತಿ ಅದೇ. ನನಗೆ ಈ ಮಿಷನ್ ಮೇಲೆ ಈಗಲೂ ಪ್ರೀತಿ ಉಂಟು. ಬೆಳಿಗ್ಗೆ ಆರೂವರೆಗೆ ತಳ್ಳಿದರೂ ಯಾರ ನಿದ್ದೆಯೂ ಹಾಳಾಗುವುದಿಲ್ಲ. ಬ್ಲೇಡು ಸರಿ ಉಂಟಾ ಅಂತ ನೋಡಲು ಒಂದು ತುಂಡು ನ್ಯೂಸ್ ಪೇಪರ್ ಸಾಕು. ಉರುಳೆ ಮತ್ತು ಪಟ್ಟಿಯ ನಡುವೆ ಹಿಡಿದು ಮೆಲ್ಲ ತಿರುಗಿಸಿದರೆ ಪೇಪರ್ ಈ ತುದಿಯಿಂದ ಆ ತುದಿ ತನಕ ನೀಟಾಗಿ ತುಂಡಾಗಬೇಕು. ಎಲ್ಲಿ ಮಡಚಿಕೊಳ್ಳುತ್ತದೋ ಅಲ್ಲಿ ಅಂತರ ಜಾಸ್ತಿ ಆಗಿದೆ ಅಂತ ಅರ್ಥ, ಎರಡು ಬದಿಯ ಸ್ಕ್ರೂ ಕಾಲು ಸುತ್ತು ತಿರುಗಿಸಿ ಪುನಃ ನೋಡಬೇಕು. ಬೆರಳು ಮಾತ್ರ ದೂರ ಇರಲಿ.

ಡಿಸೆಂಬರಿನಿಂದ ಮೇ ತನಕ ನಾನು ರಾಜ. ಆಮೇಲೆ ಜೂನ್ ಬಂತು.

ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಮಳೆ, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮದು ಅಗಲ ಎಲೆಯ ಹುಲ್ಲು, ನರ್ಸರಿಯವರು ಬಫೆಲೋ ಗ್ರಾಸ್ ಅನ್ನುತ್ತಾರೆ. ಮಧ್ಯೆ ಕರೆಯದೆ ಬಂದ ಗರಿಕೆ, ನಾಚಿಕೆ ಮುಳ್ಳು. ಒಂದು ವಾರ ಜಡಿಮಳೆ ಹೊಡೆದು ನಿಂತಾಗ ಹುಲ್ಲು ಗೇಣುದ್ದ. ರೀಲ್ ಮೋವರ್ ತಳ್ಳಿದರೆ ಅದು ಉರುಳೆಯ ಎದುರು ಸಾಷ್ಟಾಂಗ ಬಿದ್ದು, ಮಿಷನ್ ದಾಟಿದ ಮೇಲೆ ಪುನಃ ಎದ್ದು ನಿಲ್ಲುತ್ತದೆ! ಒದ್ದೆ ನೆಲದಲ್ಲಿ ಚಕ್ರ ತಿರುಗದೆ ಜಾರುತ್ತದೆ, ಚಕ್ರ ತಿರುಗದಿದ್ದರೆ ಬ್ಲೇಡೂ ಇಲ್ಲ. ಅದರ ಮೇಲೆ ತೆಂಗಿನ ಮರದಿಂದ ಬಿದ್ದ ಮಿಡಿ. ಒಂದು ಸಣ್ಣ ಮಿಡಿ ಉರುಳೆಗೆ ಸಿಕ್ಕಿದರೆ ಗಕ್ಕಂತ ನಿಂತು ಹ್ಯಾಂಡಲ್ ಹೊಟ್ಟೆಗೆ ಗುದ್ದುತ್ತದೆ.

ಆಗ ನನಗೆ ಹೊಳೆದದ್ದು ಇದು. ಮೋವರ್ ಬಗ್ಗೆ ಓದಿದ್ದರಲ್ಲೆಲ್ಲ ಒದ್ದೆ ಹುಲ್ಲು ಕತ್ತರಿಸಬೇಡಿ, ಒಣಗಿದ ಮೇಲೆ ಕತ್ತರಿಸಿ ಅಂತ ಇತ್ತು. ಮಾತು ಸರಿಯೇ. ಆದರೆ ಜುಲೈಯಲ್ಲಿ ಉಡುಪಿಯಲ್ಲಿ ಒಣ ಹುಲ್ಲು ಹುಡುಕುವುದು ಏಕಾದಶಿಯ ದಿನ ಮಠದಲ್ಲಿ ಊಟ ಹುಡುಕಿದ ಹಾಗೆ. ಬೇಸಿಗೆಯಲ್ಲಿ ನಮ್ಮ ಹುಲ್ಲು ಬೆಳೆಯುವುದೇ ಕಡಿಮೆ, ಆಗ ಯಾವ ಮಿಷನ್ ಆದರೂ ನಡೆಯುತ್ತದೆ. ಕೆಲಸ ಇರುವುದೆಲ್ಲ ಮಳೆಗಾಲದಲ್ಲಿ. ಆದ್ದರಿಂದ ಮಿಷನ್ ಆರಿಸಬೇಕಾದ್ದು ಜುಲೈ-ಆಗಸ್ಟ್‌ನ ಆಟಿ ತಿಂಗಳನ್ನು ನೋಡಿ, ಜನವರಿಯನ್ನು ನೋಡಿ ಅಲ್ಲ. ನಾನು ಎರಡು ಸಲವೂ ಒಳ್ಳೆ ಬಿಸಿಲಿನಲ್ಲಿ ಅಂಗಡಿಗೆ ಹೋಗಿದ್ದೆ ನೋಡಿ.

ಮೂರನೆಯದಕ್ಕೆ ಅವಸರ ಮಾಡಲಿಲ್ಲ. ಅಡಿಯಲ್ಲಿ ಒಂದೇ ಬ್ಲೇಡು ಫ್ಯಾನಿನ ಹಾಗೆ ತಿರುಗುವ ರೋಟರಿ ಮಿಷನ್ನೇ ಬೇಕು ಅಂತ ನಿಶ್ಚಯ ಮಾಡಿದೆ, ಯಾಕೆಂದರೆ ಉದ್ದ ಹುಲ್ಲು, ಒದ್ದೆ ಹುಲ್ಲು ಎರಡನ್ನೂ ಅದು ಹೇಗಾದರೂ ಕತ್ತರಿಸುತ್ತದೆ. ಅಂಗಡಿಯವರು 18 ಇಂಚಿನ ಪೆಟ್ರೋಲ್ ಮಿಷನ್ ಎದುರಿಗೆ ನಿಲ್ಲಿಸಿ "ಬೇಗ ಮುಗಿಯುತ್ತದೆ ಸರ್" ಅಂದರು. ಮನೆಗೆ ಬಂದು ಪೇಪರ್ ಮೇಲೆ ಲೆಕ್ಕ ಹಾಕಿದೆ. 12 ಇಂಚಿನ ಮಿಷನ್‌ನಲ್ಲಿ ಸಾಲಿನ ಮೇಲೆ ಸಾಲು ಎರಡು ಇಂಚು ಹತ್ತಿಸಿಕೊಂಡು ಹೋದರೆ ನಮ್ಮ 20 ಅಡಿಗೆ 24 ಸಾಲು. ಒಂದು ಸಾಲು 35 ಅಡಿ. ಒಟ್ಟು 840 ಅಡಿ, ಅಂದರೆ ಕಾಲು ಕಿಲೋಮೀಟರ್. 18 ಇಂಚಿನದ್ದಾದರೆ 15 ಸಾಲು. ಉಳಿಯುವುದು ಒಂಬತ್ತು ಸಾಲಿನ ನಡಿಗೆ, ಅಷ್ಟಕ್ಕೆ ಅಷ್ಟು ಭಾರದ ಮಿಷನ್ನನ್ನು ಮೂರು ಮೆಟ್ಟಿಲು ಹತ್ತಿಸಿ ಜಗಲಿಗೆ ಇಡಬೇಕಾ? ತುಳಸಿಕಟ್ಟೆ ಸುತ್ತ ಅದು ತಿರುಗುವುದೂ ಇಲ್ಲ.

ಉಳಿದದ್ದು ಕರೆಂಟಿನದು. ಮಂಗಳೂರು ಬಿಜೈಯಲ್ಲಿರುವ ಭಾವನ ಹತ್ತಿರ ವೈರಿನ ಮಿಷನ್ ಇತ್ತು, 1200 ವಾಟಿನದು. ಒಂದು ಭಾನುವಾರಕ್ಕೆ ಕೇಳಿ ತಂದೆ. ಕೊಳ್ಳುವ ಮುಂಚೆ ಎರವಲು ತಂದು ನೋಡುವುದು ಎಷ್ಟು ಒಳ್ಳೆಯದು ಅಂತ ಆ ದಿನ ಗೊತ್ತಾಯಿತು. ಹುಲ್ಲೇನೋ ಚೆನ್ನಾಗಿಯೇ ಕತ್ತರಿಸಿತು. ಆದರೆ ಹತ್ತನೇ ಸಾಲಿನಲ್ಲಿ ತಿರುಗುವಾಗ ವೈರು ಹುಲ್ಲಿನೊಳಗೆ ಅಡಗಿದ್ದು ಕಾಣಲಿಲ್ಲ. ಟಪ್ ಅಂತ ಒಂದು ಶಬ್ದ, ಮಿಷನ್ ನಿಂತಿತು, ಮನೆಯೊಳಗೆ ಫ್ಯಾನೂ ನಿಂತಿತು. ಬೋರ್ಡಿನಲ್ಲಿ 30 ಮಿಲಿ ಆಂಪಿನ ಇಎಲ್‌ಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್ಚು, ಇತ್ತು, ಅದು ಬಿದ್ದದ್ದು. ಕಾಲಿನ ಅಡಿ ಒದ್ದೆ ಹುಲ್ಲು, ಎದುರು ಎರಡು ತುಂಡಾದ ವೈರು. ಅಮ್ಮ ಜಗಲಿಯಿಂದಲೇ ಹೇಳಿದರು, "ಇನ್ನು ಈ ವೈರಿನ ಮಿಷನ್ ಅಂಗಳಕ್ಕೆ ಬಂದರೆ ನಾನು ತಮ್ಮನ ಮನೆಗೆ ಹೋಗ್ತೇನೆ."

ವೈರಿನದ್ದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಣ ಊರಲ್ಲಿ, ಸಣ್ಣ ಲಾನಿಗೆ, ಕಡಿಮೆ ದುಡ್ಡಿಗೆ ಅದೇ ಸಾಕು. ತೆಗೆದುಕೊಳ್ಳುವುದಾದರೆ ಇಎಲ್‌ಸಿಬಿ ಇಲ್ಲದೆ ಓಡಿಸಬೇಡಿ. ವೈರಿನ ಸುರುಳಿ ಪೂರ್ತಿ ಬಿಚ್ಚಿ, ಸುತ್ತಿಟ್ಟೇ ಓಡಿಸಿದರೆ ಬಿಸಿಯಾಗುತ್ತದೆ. ಪ್ಲಗ್ ಇರುವ ಕಡೆಯಿಂದ ಶುರು ಮಾಡಿ ದೂರ ದೂರ ಹೋಗಿ, ಆಗ ವೈರು ಯಾವಾಗಲೂ ಕತ್ತರಿಸಿ ಆದ ಕಡೆಯೇ ಇರುತ್ತದೆ. ನಾನು ಮಾಡಿದ್ದು ಅದರ ಉಲ್ಟಾ.

ಕೊನೆಗೆ ತಂದದ್ದು ಬ್ಯಾಟರಿಯದು. 33 ಸೆಂಟಿಮೀಟರ್ ಅಗಲ ಕತ್ತರಿಸುತ್ತದೆ, 36 ವೋಲ್ಟ್, 4 ಆಂಪ್ ಅವರ್‌ನ ಒಂದು ಬ್ಯಾಟರಿ. ವೈರಿನದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ದುಡ್ಡು ಕೊಟ್ಟೆ, ಅದರ ಸಂಕಟ ಈಗಲೂ ಉಂಟು. ಈ ಸಲ ಅಂಗಡಿಯಲ್ಲಿ ವೋಲ್ಟು, ವಾಟು ಜಾಸ್ತಿ ಕೇಳಲಿಲ್ಲ. ಒಂದು ಕೈಯಲ್ಲಿ ಎತ್ತಿ ನೋಡಿದೆ. ಬ್ಯಾಟರಿ ತೆಗೆಸಿ, ಮಗುಚಿ ಹಾಕಿ ಅಡಿ ನೋಡಿದೆ. ಅಡಿಯ ಕವಚ ತಗಡಿನದಾ ಪ್ಲಾಸ್ಟಿಕ್ಕಾ ಅಂತ. ನಮ್ಮ ತೇವಕ್ಕೆ ತಗಡು ಬೇಗ ತುಕ್ಕು ಹಿಡಿಯುತ್ತದೆ, ಮಲ್ಪೆ, ಪಣಂಬೂರು ಕಡೆ ಉಪ್ಪು ಗಾಳಿಯಲ್ಲಿ ಕೇಳುವುದೇ ಬೇಡ. ಬ್ಲೇಡಿನ ಎತ್ತರ 6-7 ಸೆಂಟಿಮೀಟರ್ ತನಕ ಏರುತ್ತದಾ ನೋಡಿದೆ. ಇದು ಎಲ್ಲದಕ್ಕಿಂತ ಮುಖ್ಯ. ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಮ್ಮೆಲೇ ಕತ್ತರಿಸಬಾರದು, ಮಳೆಗಾಲದಲ್ಲಿ ಹುಲ್ಲು ಉದ್ದ ಆದ ಮೇಲೆ ಮಿಷನ್ 4 ಸೆಂಟಿಮೀಟರಿಗೇ ನಿಂತರೆ ಎಂಥ ಮಾಡುವುದು? ಇನ್ನೊಂದು, ಬದಲಿ ಬ್ಲೇಡು ಸ್ಟಾಕ್ ಉಂಟಾ ಅಂತ ಕೇಳಿ ಮಿಷನ್ ಜೊತೆಗೇ ಒಂದು ತೆಗೆದುಕೊಂಡೆ.

ಈಗ ಮಳೆಗಾಲದಲ್ಲಿ ಹೀಗೆ ನಡೆಯುತ್ತದೆ. ಮಳೆ ಬಿಟ್ಟು ಒಂದೆರಡು ಗಂಟೆ ಗಾಳಿ ಆಡಿದರೆ ಸಾಕು, ಮಿಷನ್ ಹೊರಗೆ. ಹನಿ ಬೀಳುವಾಗ ಓಡಿಸುವುದಿಲ್ಲ, ಅದು ಬ್ಯಾಟರಿ ಮಿಷನ್ನಿಗೂ ಆಗದು. ಮೊದಲು ಬರಿಗೈಯಲ್ಲಿ ಕಾಲು ಬಡಿಯುತ್ತಾ ಒಂದು ಸುತ್ತು, ಕಪ್ಪೆಗಳು ಹಾರಿ ಹೋಗಲಿ ಅಂತ, ಹಾಗೇ ಮಿಡಿ, ಗರಿಯ ತುಂಡು ಹೆಕ್ಕುವುದು. ಎತ್ತರ ಮೇಲಕ್ಕೆ ಇಟ್ಟು ನಾಲ್ಕೈದು ದಿನಕ್ಕೊಮ್ಮೆ ತುದಿ ಮಾತ್ರ. ಕತ್ತರಿಸಿದ ಹುಲ್ಲು ತುಂಬುವ ಹಿಂದಿನ ಡಬ್ಬಿ ಕಳಚಿ ಇಡುತ್ತೇನೆ, ಒದ್ದೆ ಹುಲ್ಲಿಗೆ ಅದು ಎರಡೇ ಸಾಲಿನಲ್ಲಿ ಕಟ್ಟಿಕೊಳ್ಳುತ್ತದೆ. ಬಿದ್ದ ಮುದ್ದೆಗಳನ್ನು ಹಿಡಿಸೂಡಿಯಲ್ಲಿ ಗುಡಿಸಿ ತೆಂಗಿನ ಬುಡಕ್ಕೆ. ಬಿಟ್ಟರೆ ಅದರ ಅಡಿ ಹುಲ್ಲು ಹಳದಿಯಾಗುತ್ತದೆ. ಬೇಸಿಗೆಯಲ್ಲಿ ಇಡೀ ಲಾನ್ ಮುಗಿದ ಮೇಲೂ ಚಾರ್ಜ್ ಉಳಿಯುತ್ತದೆ, ಜುಲೈಯಲ್ಲಿ ಕೊನೆಯ ಐದಾರು ಸಾಲಿಗೆ ಸಾಲುವುದಿಲ್ಲ. ಇನ್ನೊಂದು ಬ್ಯಾಟರಿಯ ರೇಟ್ ಕೇಳಿ ಸುಮ್ನೆ ಫೋನ್ ಇಟ್ಟೆ. ಉಳಿದ ಸಾಲು ಮರುದಿನ.

ಕೈ ಅಡಿಗೆ ಹಾಕುವ ಮುಂಚೆ ಬ್ಯಾಟರಿ ತೆಗೆಯುವುದು, ಇದಕ್ಕೆ ಮಾತ್ರ ವಿನಾಯಿತಿ ಇಲ್ಲ. ಆಮೇಲೆ ಮರದ ಚಕ್ಕೆಯಲ್ಲಿ ಹುಲ್ಲು ಕೆರೆದು ಬಟ್ಟೆಯಲ್ಲಿ ಒರೆಸುತ್ತೇನೆ, ಪೈಪಿನಲ್ಲಿ ನೀರು ಬಿಡುವುದಿಲ್ಲ. ತುಕ್ಕು ಹಿಡಿಯದಿರಲಿ ಅಂತ ಬ್ಲೇಡಿಗೆ ಮೊದಲು ತೆಂಗಿನೆಣ್ಣೆ ಹಚ್ಚಿದ್ದೆ. ಬೆಳಿಗ್ಗೆ ನೋಡಿದರೆ ಜಗಲಿ ತುಂಬಾ ಇರುವೆ. ಈಗ ಹೊಲಿಗೆ ಮಿಷನ್ ಎಣ್ಣೆ.

ನಮ್ಮ ಮುರಕಲ್ಲಿನ ಮಣ್ಣಿಗೆ ಬ್ಲೇಡು ಬೇಗ ಮೊಂಡಾಗುತ್ತದೆ. ಕತ್ತರಿಸಿದ ಮರುದಿನ ಹುಲ್ಲಿನ ತುದಿ ಹರಿದು ಕಂದು ಬಣ್ಣಕ್ಕೆ ತಿರುಗಿದ್ದರೆ ಅದೇ ಗುರುತು. ಬ್ಲೇಡು ಬಿಚ್ಚಿ, ಮೊದಲಿದ್ದ ಓರೆಯಲ್ಲೇ ಅರದಿಂದ ಎರಡು ಬದಿಯೂ ಸಮ ಉಜ್ಜಿ, ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಬಿಡುತ್ತೇನೆ. ತಕ್ಕಡಿಯ ಹಾಗೆ ಅಡ್ಡ ನಿಂತರೆ ಸರಿ. ಒಂದು ಬದಿ ಇಳಿದರೆ ಆ ಬದಿ ಭಾರ, ಅಲ್ಲಿ ಇನ್ನೂ ಸ್ವಲ್ಪ ಉಜ್ಜಬೇಕು. ಇಲ್ಲದಿದ್ದರೆ ಮಿಷನ್ ಗಡಗಡ ನಡುಗಿ ಮೋಟರ್ ಹಾಳಾಗುತ್ತದೆ.

ಹುಲ್ಲು ಕಟ್ಟರ್ ಈಗ ಕಾಂಪೌಂಡ್ ಬದಿಗೆ ಮಾತ್ರ. ರೀಲ್ ಮೋವರ್ ಪಕ್ಕದ ಮನೆಯ ಮಾಷ್ಟ್ರು ತೆಗೆದುಕೊಂಡು ಹೋದರು, ಅವರದ್ದು ಹಾಸಿಗೆಯಷ್ಟು ಲಾನ್. ನವೆಂಬರಿನಿಂದ ಅವರ ಅಂಗಳದಲ್ಲಿ ಆ ಕಿರ್ರ್ ಶಬ್ದ ಕೇಳಿದರೆ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ. ಜೂನ್ ಎರಡನೇ ವಾರ ಮಾತ್ರ ಗೇಟಿನ ಹತ್ತಿರ ಬಂದು ನಿಂತು ಕೇಳುತ್ತಾರೆ, "ನಿಮ್ಮ ಬ್ಯಾಟರಿಯಲ್ಲಿ ಚಾರ್ಜ್ ಉಂಟಾ ಮಾರಾಯ್ರೆ?"