ಸೊರಗುತ್ತಿರುವ ನಾಯಿಯ ರಕ್ತ ಪರೀಕ್ಷಾ ವರದಿಯನ್ನು ಓದುವ ಬಗೆ

ಸಾಕಿದ ನಾಯಿ ಸೊರಗುತ್ತಿರುವುದು ದಿನವೂ ನೋಡುವ ಕಣ್ಣಿಗೆ ತಡವಾಗಿಯೇ ತಿಳಿಯುತ್ತದೆ. 20 ಕಿಲೋ ಇದ್ದದ್ದು 18 ಕಿಲೋಗೆ ಇಳಿದಿದ್ದರೆ ಮೈಯ ಹತ್ತರಲ್ಲಿ ಒಂದು ಪಾಲು ಕರಗಿದಂತೆ. ಇಷ್ಟಾದ ಮೇಲೆ ರಕ್ತ ಪರೀಕ್ಷೆಯನ್ನು ಮುಂದೂಡಬಾರದು.

ವರದಿ ಕೈಗೆ ಬಂದ ಕೂಡಲೇ, ಅದರಲ್ಲಿ ಅಚ್ಚಾಗಿರುವ ಮಿತಿಗಳು ನಾಯಿಯವೋ ಮನುಷ್ಯರವೋ ಎಂದು ನೋಡಿಕೊಳ್ಳಬೇಕು. ದಾವಣಗೆರೆಯಲ್ಲಿ ಮನುಷ್ಯರ ಲ್ಯಾಬಿಗೇ ರಕ್ತ ಕೊಟ್ಟಿದ್ದರೆ ಈ ಎಚ್ಚರ ಇನ್ನೂ ಮುಖ್ಯ. ನಾಯಿಯ ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ ಸುಮಾರು 6,000 ದಿಂದ 17,000 ದವರೆಗೆ ಇರಬಹುದು. ಮನುಷ್ಯರ ಮಿತಿ 11,000 ದ ಆಸುಪಾಸಿನಲ್ಲೇ ಮುಗಿಯುವುದರಿಂದ, 14,000 ಬಂದರೂ ‘ಹೆಚ್ಚು’ ಎಂದು ಗುರುತಾಗಿ ಮನೆಯವರನ್ನು ಸುಮ್ಮನೆ ಗಾಬರಿಪಡಿಸುತ್ತದೆ. ನಾಯಿಯ ಕೆಂಪು ರಕ್ತಕಣಗಳು ಗಾತ್ರದಲ್ಲಿ ನಮ್ಮವಕ್ಕಿಂತ ಚಿಕ್ಕವಾದ್ದರಿಂದ ಎಂಸಿವಿ (ಕೆಂಪು ಕಣಗಳ ಸರಾಸರಿ ಗಾತ್ರ) ‘ಕಡಿಮೆ’ ಎಂದು ಕಾಣುವುದೂ ಇದೇ ಕಾರಣಕ್ಕೆ.

ರಕ್ತಹೀನತೆಯನ್ನು ಪಿಸಿವಿಯಿಂದ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟೆಂಬುದರಿಂದ, ಅಳೆಯುತ್ತಾರೆ. ನಾಯಿಯಲ್ಲಿ ಅದು ಸುಮಾರು 37 ರಿಂದ 55 ಶೇಕಡಾ ಇರಬೇಕು. ಆದರೆ ಚಿತ್ರದುರ್ಗದ ಬೇಸಿಗೆಯಲ್ಲಿ ನೀರು ಬಿಟ್ಟು ಬಳಲಿದ ನಾಯಿಯ ರಕ್ತ ಗಟ್ಟಿಯಾಗಿರುವುದರಿಂದ, ಒಳಗೆ ರಕ್ತ ಕಡಿಮೆಯಿದ್ದರೂ ಪಿಸಿವಿ ಸರಿಯಾಗಿಯೇ ಕಾಣಬಹುದು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತಗ್ಗಿ, ರಕ್ತದ ಪ್ರೋಟೀನುಗಳಲ್ಲಿ ಗ್ಲಾಬ್ಯುಲಿನ್ ಏರಿ, ಆಲ್ಬುಮಿನ್ ಇಳಿದಿದ್ದರೆ ಉಣ್ಣಿಯಿಂದ ಬರುವ ಎರ್ಲಿಕಿಯಾ ಸೋಂಕನ್ನು ಮೊದಲು ಶಂಕಿಸಬೇಕು. ಹಳೆಯದಾದ ಈ ಸೋಂಕು ಜ್ವರವನ್ನೇನೂ ತೋರಿಸದೆ ತಿಂಗಳುಗಟ್ಟಲೆ ನಾಯಿಯನ್ನು ಸೊರಗಿಸಬಲ್ಲದು. ಪ್ಲೇಟ್‌ಲೆಟ್‌ಗಳು ಟ್ಯೂಬಿನಲ್ಲಿ ಗಂಟುಕಟ್ಟಿಕೊಂಡರೆ ಯಂತ್ರ ಕಡಿಮೆ ಎಣಿಸುತ್ತದೆ. ಆದ್ದರಿಂದ ಗಾಜಿನ ಮೇಲೆ ರಕ್ತದ ಲೇಪ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

ಜನ ಹೆಚ್ಚಾಗಿ ಮೋಸಹೋಗುವುದು ಕ್ರಿಯಾಟಿನಿನ್ ವಿಷಯದಲ್ಲಿ. ಅದು ಸ್ನಾಯುಗಳಿಂದ ಹುಟ್ಟಿ, ಮೂತ್ರಪಿಂಡಗಳ ಮೂಲಕ ಹೊರಹೋಗುವ ವಸ್ತು. ಸ್ನಾಯು ಕರಗಿದ ನಾಯಿಯಲ್ಲಿ ಅದರ ಉತ್ಪತ್ತಿಯೇ ಕಡಿಮೆ. ಮೂತ್ರಪಿಂಡಗಳ ಸಾಮರ್ಥ್ಯ ಮುಕ್ಕಾಲು ಪಾಲು ಹೋಗುವವರೆಗೂ ಅದು ಮಿತಿಯನ್ನು ದಾಟದಿರಬಹುದು. ಹೀಗಾಗಿ ವರದಿಯಲ್ಲಿ 1.2 ಎಂದು ಮಿತಿಯೊಳಗೇ ಇದ್ದರೂ, ನಾಯಿ ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತಿದ್ದರೆ ಮೂತ್ರದ ಸಾಂದ್ರತೆಯನ್ನು ಪರೀಕ್ಷಿಸಲೇಬೇಕು. ಜೊತೆಗೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಎಸ್‌ಡಿಎಂಎ ಎಂಬ ರಕ್ತ ಪರೀಕ್ಷೆ ಸಿಕ್ಕರೆ ಒಳ್ಳೆಯದು, ಏಕೆಂದರೆ ಅದಕ್ಕೆ ಸ್ನಾಯುವಿನ ಹಂಗಿಲ್ಲ.

ಹೊಟ್ಟೆತುಂಬ ತಿಂದೂ ತೂಕ ಇಳಿಯುತ್ತಿದ್ದರೆ ಸಕ್ಕರೆಯ ಅಂಕಿಯನ್ನು ನೋಡಿ. ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 200 ಮಿಲಿಗ್ರಾಂ ದಾಟಿ, ಮೂತ್ರದಲ್ಲೂ ಸಕ್ಕರೆ ಕಂಡರೆ ಮಧುಮೇಹದ ಸಂಭವ ಹೆಚ್ಚು. ಅಂಕಿ ತೀರಾ ಕಡಿಮೆಯಿದ್ದರೆ, ಹೆದರುವ ಮೊದಲು ರಕ್ತ ಎಷ್ಟು ಹೊತ್ತು ಹಾಗೇ ಇತ್ತೆಂದು ವಿಚಾರಿಸಬೇಕು: ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರಾಗುವ ತಿಳಿ ದ್ರವ) ಬೇರ್ಪಡಿಸದೆ ಬಿಟ್ಟ ರಕ್ತದಲ್ಲಿ ಕಣಗಳೇ ಸಕ್ಕರೆಯನ್ನು ತಿಂದುಹಾಕುತ್ತವೆ. ರಕ್ತ ಕೊಡುವ ದಿನ ಬೆಳಿಗ್ಗೆ ಪ್ರೀತಿಯಿಂದ ಬೆಣ್ಣೆ ದೋಸೆಯ ಚೂರು ಹಾಕಿದ್ದರೆ ಸೀರಮ್ ಹಾಲಿನಂತೆ ಮಸುಕಾಗಿ ಹಲವು ಅಂಕಿಗಳು ಕೆಡುತ್ತವೆ. ವೈದ್ಯರು ಬೇರೆ ಹೇಳದಿದ್ದರೆ 8 ರಿಂದ 12 ಗಂಟೆ ನೀರನ್ನಷ್ಟೇ ಕೊಡಬೇಕು. ಮರಿಗಳನ್ನೂ ಇನ್ಸುಲಿನ್ ಪಡೆಯುತ್ತಿರುವ ನಾಯಿಗಳನ್ನೂ ವೈದ್ಯರನ್ನು ಕೇಳದೆ ಉಪವಾಸ ಕೆಡವಬಾರದು.

ಮರುಪರೀಕ್ಷೆಯನ್ನು ಅದೇ ಲ್ಯಾಬಿನಲ್ಲಿ ಮಾಡಿಸಿ, ಪಶುವೈದ್ಯರ ಬಳಿ ಹೋಗುವಾಗ ಹಳೆಯ ವರದಿಯನ್ನೂ ವಾರವಾರದ ತೂಕ ಬರೆದಿಟ್ಟ ಹಾಳೆಯನ್ನೂ ಜೊತೆಗೆ ಒಯ್ಯಬೇಕು.