ವೃಷಣಕ್ಕೆ ಜೋಡಿ ಇದೆ, ಪ್ರಾಸ್ಟೇಟ್‌ಗಿಲ್ಲ: ಈ ಎರಡು ಸ್ಕ್ಯಾನ್ ನಾನು ಮಾಡುವ ರೀತಿ

ವೃಷಣ, ಪ್ರಾಸ್ಟೇಟ್‌ನ ಅಲ್ಟ್ರಾಸೌಂಡ್ ಸ್ಕ್ಯಾನ್‌ಗೆ ಬರುವ ಗಂಡಸರಲ್ಲಿ ಹೆಚ್ಚಿನವರು ಬಾಗಿಲಲ್ಲೇ ಮುದುಡಿಕೊಂಡಿರುತ್ತಾರೆ. ಚೀಟಿ ಕೈಗೆ ಕೊಟ್ಟು ಗೋಡೆ ಕಡೆ ನೋಡುತ್ತಾರೆ. ಎಲ್ಲಿ ನೋವು ಅಂದರೆ ‘ಕೆಳಗೆ’ ಅಂತಾರೆ, ಅಷ್ಟೇ. ಅದಕ್ಕೇ ನಾನು ಬಟ್ಟೆ ಸಡಿಲಿಸಲು ಹೇಳುವ ಮೊದಲು ಕೂರಿಸಿ ಮಾತಾಡಿಸುತ್ತೇನೆ. ನೋವು ದಿಢೀರ್ ಅಂತ ಬಂತಾ, ಮೆಲ್ಲಗೆ ಏರಿತಾ? ಪೆಟ್ಟು ಬಿದ್ದಿತ್ತಾ? ಮೂತ್ರ ಮಾಡುವಾಗ ಉರಿ, ಜ್ವರ, ವಾಂತಿ ಏನಾದರೂ ಇದೆಯಾ? ಈ ಉತ್ತರಗಳು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ, ಏಕೆಂದರೆ ಪರದೆ ಮೇಲೆ ಒಂದೇ ಥರ ಕಾಣುವ ಎರಡು ಕಾಯಿಲೆಗಳನ್ನು ಬಿಡಿಸುವುದು ಬಹಳ ಸಲ ಇವೇ.

ವೃಷಣದ ಸ್ಕ್ಯಾನ್‌ನಲ್ಲಿ ನಮಗೊಂದು ದೊಡ್ಡ ಅನುಕೂಲ ಇದೆ: ಅದು ಜೋಡಿ. ಸರಿ ಇರುವುದು ಹೇಗಿರಬೇಕು ಅಂತ ಪುಸ್ತಕದಲ್ಲಿ ಹುಡುಕಬೇಕಿಲ್ಲ, ಪಕ್ಕದಲ್ಲೇ ಇದೆ. ಹಾಗಾಗಿ ನೋವಿಲ್ಲದ ಕಡೆಯಿಂದಲೇ ಶುರು ಮಾಡುತ್ತೇನೆ. ‘ಡಾಕ್ಟ್ರೇ, ನೋವು ಆ ಕಡೆ’ ಅಂತ ಪ್ರತಿಯೊಬ್ಬರೂ ತಿದ್ದುತ್ತಾರೆ, ಗೊತ್ತು ಅಂತ ಹೇಳಿ ಮುಂದುವರಿಯುತ್ತೇನೆ. ಕೆಳಗೊಂದು ಟವೆಲ್ ಮಡಚಿಟ್ಟು ಆಸರೆ ಕೊಡುತ್ತೇನೆ, ಶಿಶ್ನವನ್ನು ಹೊಟ್ಟೆ ಕಡೆ ಎತ್ತಿ ಇನ್ನೊಂದು ಟವೆಲ್ ಮುಚ್ಚಲು ಅವರಿಗೇ ಹೇಳುತ್ತೇನೆ. ಜೆಲ್ ಬೆಚ್ಚಗಿರಬೇಕು. ತಣ್ಣಗಿದ್ದರೆ ಸ್ನಾಯು ಸೆಟೆದು ವೃಷಣ ಮೇಲಕ್ಕೆ ಹೋಗಿಬಿಡುತ್ತದೆ, ಆಮೇಲೆ ಅದನ್ನು ಹಿಂಬಾಲಿಸುವುದೇ ಕೆಲಸ. ಪ್ರೋಬ್, ಅಂದರೆ ಚರ್ಮದ ಮೇಲೆ ಇಟ್ಟು ಆಡಿಸುವ ಸಾಧನ, ಚಪ್ಪಟೆ ಮುಖದ ಲೀನಿಯರ್, 10 ಮೆಗಾಹರ್ಟ್ಸ್‌ಗಿಂತ ಜಾಸ್ತಿಯದು. ಚರ್ಮದ ಕೆಳಗೇ ಇರುವ ಅಂಗ, ಆಳ ಬೇಡ, ಸ್ಪಷ್ಟತೆ ಬೇಕು.

ವಯಸ್ಕರ ವೃಷಣ ಸುಮಾರು 4ರಿಂದ 5 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ, ಒಳಗೆಲ್ಲಾ ಒಂದೇ ಸಮನೆ ಬೂದು ಬಣ್ಣ. ಮಧ್ಯೆ ಒಂದು ಬಿಳಿ ಗೆರೆ ಕಂಡರೆ ಗಾಬರಿ ಬೇಡ, ಅದು ಮೀಡಿಯಾಸ್ಟೈನಮ್, ಎಲ್ಲರಿಗೂ ಇರುತ್ತದೆ. ಎರಡೂ ವೃಷಣ ಒಂದೇ ಚೌಕಟ್ಟಿನಲ್ಲಿ ಬರುವಂಥ ಅಡ್ಡ ಚಿತ್ರವೊಂದನ್ನು ತಪ್ಪದೇ ತೆಗೆದಿಡುತ್ತೇನೆ. ಹತ್ತು ಸಾಲಿನ ರಿಪೋರ್ಟ್ ಓದುವ ಬದಲು ಸರ್ಜನ್ ಆ ಚಿತ್ರ ಒಂದನ್ನೇ ನೋಡುತ್ತಾರೆ, ನಿಜ ಹೇಳಬೇಕೆಂದರೆ.

ಹುಡುಗನೊಬ್ಬ ರಾತ್ರಿ ದಿಢೀರ್ ನೋವು, ವಾಂತಿ ಅಂತ ಬಂದರೆ ಮಿಕ್ಕಿದ್ದೆಲ್ಲಾ ಪಕ್ಕಕ್ಕೆ. ಅದು ಟಾರ್ಷನ್ ಇರಬಹುದು, ಅಂದರೆ ವೃಷಣ ಜೋತು ಬಿದ್ದಿರುವ ನಾಳವೇ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ರಕ್ತ ನಿಂತಿರುವುದು. ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಹೆಚ್ಚಿನವರಲ್ಲಿ ವೃಷಣ ಉಳಿಯುತ್ತದೆ, ತಡವಾದಷ್ಟೂ ಆ ಅವಕಾಶ ಬೇಗ ಬೇಗ ಇಳಿಯುತ್ತದೆ. ಇಲ್ಲಿ ಜೋಡಿಯ ಬೆಲೆ ತಿಳಿಯುತ್ತದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್‌ನ ವೇಗದ ಮಿತಿ ಇಳಿಸಿ, ಫಿಲ್ಟರ್ ಕಡಿಮೆ ಮಾಡಿ, ನಿಧಾನದ ಹರಿವೂ ಕಾಣುವ ಹಾಗೆ ಸರಿ ಇರುವ ಕಡೆ ಹೊಂದಿಸಿಕೊಳ್ಳುತ್ತೇನೆ. ಅಲ್ಲಿ ಬಣ್ಣ ಬಂದ ಮೇಲೆ ಒಂದು ಗುಂಡಿಯನ್ನೂ ಮುಟ್ಟದೆ ನೋವಿನ ಕಡೆ ಹೋಗುತ್ತೇನೆ. ಸರಿ ಇರುವ ಕಡೆಯಲ್ಲೇ ಬಣ್ಣ ಬಾರದಿದ್ದರೆ ನೋವಿನ ಕಡೆ ಬರಲಿಲ್ಲ ಅನ್ನುವುದಕ್ಕೆ ಅರ್ಥವೇ ಇಲ್ಲ ಅಲ್ವಾ? ಚಿಕ್ಕ ಮಕ್ಕಳಲ್ಲಂತೂ ಆರೋಗ್ಯವಾಗಿರುವ ವೃಷಣದಲ್ಲೂ ಹರಿವು ಕಾಣಿಸುವುದು ಕಷ್ಟ.

ಹಾಗಂತ ಬಣ್ಣ ಕಂಡಿತು ಅಂತ ಕೈ ಬಿಡುವಂತೆಯೂ ಇಲ್ಲ. ಅರ್ಧ ತಿರುಚಿದ್ದರೆ ಸ್ವಲ್ಪ ರಕ್ತ ಹೋಗುತ್ತಲೇ ಇರುತ್ತದೆ. ಅದಕ್ಕೇ ಪ್ರೋಬನ್ನು ನಾಳದ ಜಾಡು ಹಿಡಿದು ತೊಡೆಸಂದಿಯವರೆಗೆ ಒಯ್ಯುತ್ತೇನೆ, ಎಲ್ಲಾದರೂ ಸುರುಳಿ ಕಂಡರೆ ಅದೇ ಸಾಕ್ಷಿ. ಇನ್ನೊಂದು ತೊಡಕು: ಕೆಲವರಲ್ಲಿ ತಿರುಚು ತಾನಾಗಿಯೇ ಬಿಚ್ಚಿಕೊಂಡು ರಕ್ತ ಒಮ್ಮೆಲೇ ನುಗ್ಗಿರುತ್ತದೆ, ಪರದೆ ಮೇಲೆ ಥೇಟ್ ಸೋಂಕಿನ ಹಾಗೆ ಕಾಣುತ್ತದೆ. ‘ಇಲ್ಲಿಗೆ ಬರುವಷ್ಟರಲ್ಲಿ ನೋವು ತಟ್ಟನೆ ಹೋಯ್ತು’ ಅಂತ ಹುಡುಗ ಹೇಳದಿದ್ದರೆ ಯಾವ ಮೆಷೀನೂ ಹೇಳುವುದಿಲ್ಲ. ಅನುಮಾನ ಬಂದ ಕೂಡಲೇ ಮೊದಲು ಸರ್ಜನ್‌ಗೆ ಫೋನ್, ರಿಪೋರ್ಟ್ ಟೈಪ್ ಮಾಡುವುದು ಆಮೇಲೆ. ಲಕ್ಷಣಗಳೇ ಜೋರಾಗಿದ್ದರೆ ಸ್ಕ್ಯಾನ್‌ಗೂ ಕಾಯಬಾರದು ಅನ್ನುವುದು ನನ್ನ ಅಭಿಪ್ರಾಯ ಮಾತ್ರ ಅಲ್ಲ, ಸರ್ಜನ್‌ಗಳೂ ಅದನ್ನೇ ಹೇಳುತ್ತಾರೆ.

ಸೋಂಕು ಇದ್ದಾಗ ವೃಷಣದ ಹಿಂದೆ ಅಂಟಿಕೊಂಡಿರುವ ವೀರ್ಯಾಣುಗಳ ಸುರುಳಿ ನಾಳ, ಎಪಿಡಿಡಿಮಿಸ್, ದಪ್ಪಗಾಗಿ ಬಣ್ಣದಿಂದ ತುಂಬಿಹೋಗಿರುತ್ತದೆ, ಸಾಮಾನ್ಯವಾಗಿ ಬಾಲದ ಕಡೆಯಿಂದ ಶುರು. ಜೊತೆಗೆ ಸ್ವಲ್ಪ ನೀರು. ಕೀವು ಕಟ್ಟಿದೆಯಾ ಅಂತ ನೋಡಿ ಮುಗಿಸುತ್ತೇನೆ.

ಗಂಟು ಅಂತ ಬಂದವರಿಗೆ ‘ನೀವೇ ಬೆರಳಿಟ್ಟು ತೋರಿಸಿ’ ಅನ್ನುತ್ತೇನೆ, ಆ ಬೆರಳಿನ ಪಕ್ಕದಲ್ಲೇ ಪ್ರೋಬ್ ಇಡುತ್ತೇನೆ. ಕೇಳಬೇಕಾದ ಪ್ರಶ್ನೆ ಒಂದೇ, ಗಂಟು ವೃಷಣದ ಒಳಗಿದೆಯಾ ಹೊರಗಿದೆಯಾ. ಹೊರಗಿದ್ದರೆ ಬಹುಪಾಲು ನಿರುಪದ್ರವಿ, ಹೆಚ್ಚಾಗಿ ಎಪಿಡಿಡಿಮಿಸ್‌ನ ನೀರುಗುಳ್ಳೆ. ಒಳಗಿದ್ದು ಗಟ್ಟಿಯಾಗಿದ್ದರೆ ಕ್ಯಾನ್ಸರ್ ಅಲ್ಲ ಅಂತ ಸಾಬೀತಾಗುವವರೆಗೂ ಕ್ಯಾನ್ಸರ್ ಅಂತಲೇ ನಡೆಯಬೇಕು. ಅದಕ್ಕೆ ವೃಷಣದ ಚೀಲದ ಮೂಲಕ ಸೂಜಿ ಚುಚ್ಚುವುದಿಲ್ಲ, ತೊಡೆಸಂದಿಯ ಕಡೆಯಿಂದ ಆಪರೇಷನ್. ಹೈಡ್ರೊಸಿಲ್, ಅಂದರೆ ವೃಷಣದ ಸುತ್ತ ನೀರು ತುಂಬಿರುವುದು, ಇದ್ದರೆ ಸುಮ್ನೆ ‘ನೀರು ತುಂಬಿದೆ’ ಅಂತ ಬರೆದು ಕಳಿಸಬಾರದು. ಅಷ್ಟು ನೀರಿನ ಹಿಂದೆ ವೃಷಣ ಹೇಗಿದೆ ಅಂತ ಪೂರ್ತಿ ನೋಡಬೇಕು, ಬೇಕಾದರೆ ಕಡಿಮೆ ಫ್ರೀಕ್ವೆನ್ಸಿಯ ಪ್ರೋಬ್ ಹಿಡಿದಾದರೂ ಸರಿ.

ವ್ಯಾರಿಕೊಸಿಲ್, ಅಂದರೆ ವೃಷಣದ ಮೇಲಿನ ಸಿರೆಗಳು ಉಬ್ಬಿರುವುದು, ಮಲಗಿಸಿ ನೋಡಿದರೆ ಅರ್ಧ ಕಾಣುತ್ತದೆ. ನಿಲ್ಲಿಸಿ, ಉಸಿರು ಬಿಗಿಹಿಡಿದು ಮುಕ್ಕಲು ಹೇಳಬೇಕು. ಸಿರೆ ಸುಮಾರು 3 ಮಿಲಿಮೀಟರ್ ಮೀರಿ ರಕ್ತ ಹಿಂದಕ್ಕೆ ಹರಿದರೆ ಅದು ವ್ಯಾರಿಕೊಸಿಲ್ ಅಂತಲೇ. ಎಡಗಡೆ ಜಾಸ್ತಿ, ಏಕೆಂದರೆ ಎಡಗಡೆಯ ಸಿರೆ ನೇರ ಕೋನದಲ್ಲಿ ಕಿಡ್ನಿಯ ಸಿರೆಗೆ ಸೇರುತ್ತದೆ. ಬಲಗಡೆ ಮಾತ್ರ ಇದ್ದರೆ, ಇಲ್ಲವೇ ಮಲಗಿದರೂ ಸಿರೆ ಇಳಿಯದಿದ್ದರೆ, ನಾನು ಪ್ರೋಬ್ ಬದಲಿಸಿ ಹೊಟ್ಟೆ, ಕಿಡ್ನಿ ನೋಡದೆ ಬಿಡುವುದಿಲ್ಲ. ಮೇಲೆಲ್ಲೋ ಒಂದು ಗಡ್ಡೆ ಒತ್ತುತ್ತಿರಬಹುದು.

ಇನ್ನು ಪ್ರಾಸ್ಟೇಟ್, ಮೂತ್ರಕೋಶದ ಕೆಳಗಿರುವ ಗ್ರಂಥಿ. ಇದು ಒಂಟಿ, ಹೋಲಿಸಲು ಪಕ್ಕದಲ್ಲಿ ಇನ್ನೊಂದಿಲ್ಲ. ಹಾಗಾಗಿ ಅದರ ನೆರೆಹೊರೆಯನ್ನು ನೋಡಿಯೇ ತೀರ್ಮಾನಿಸಬೇಕು, ಮುಖ್ಯವಾಗಿ ಮೂತ್ರಕೋಶ. ಹೊಟ್ಟೆಯ ಮೇಲಿನ ಸ್ಕ್ಯಾನ್‌ಗೆ ಮೂತ್ರ ತುಂಬಿರಬೇಕು, ಆದರೆ ಒದ್ದಾಡುವಷ್ಟು ಅಲ್ಲ. ತೀರಾ ತುಂಬಿದರೆ ಆಮೇಲೆ ಪೂರ್ತಿ ಖಾಲಿಯಾಗದೆ, ಉಳಿದ ಮೂತ್ರದ ಲೆಕ್ಕ ಸುಳ್ಳು ಹೇಳುತ್ತದೆ. ಪರಿಚಯವಿಲ್ಲದ ಟಾಯ್ಲೆಟ್, ಹೊರಗೆ ಸಾಲು, ಆ ಸಂಕೋಚದಲ್ಲಿ ಸರಿಯಾಗಿ ಮೂತ್ರ ಆಗುವುದಿಲ್ಲ. ಜಾಸ್ತಿ ಉಳಿದಿದೆ ಅನಿಸಿದರೆ ಇನ್ನೊಮ್ಮೆ ಹೋಗಿ ಬರಲು ಹೇಳಿ ಮತ್ತೆ ಅಳೆಯುತ್ತೇನೆ.

ಉದ್ದ, ಅಗಲ, ಎತ್ತರ ಗುಣಿಸಿ 0.52ರಿಂದ ಗುಣಿಸಿದರೆ ಪ್ರಾಸ್ಟೇಟ್‌ನ ಗಾತ್ರ. ಯುವಕರಲ್ಲಿ 20ರಿಂದ 25 ಮಿಲಿಲೀಟರ್ ಆಸುಪಾಸು, ವಯಸ್ಸಾದಂತೆ ಬೆಳೆಯುತ್ತದೆ. ಎಲ್ಲರೂ ಹಿಡಿದು ಕೂರುವುದು ಈ ಸಂಖ್ಯೆಯನ್ನೇ, ನನಗೆ ಅದು ಅಷ್ಟು ಮುಖ್ಯ ಅನಿಸುವುದಿಲ್ಲ. 80 ಮಿಲಿಲೀಟರ್ ಇಟ್ಟುಕೊಂಡು ಆರಾಮಾಗಿರುವವರಿದ್ದಾರೆ, 35 ಇದ್ದು ರಾತ್ರಿಯೆಲ್ಲಾ ಎದ್ದೆದ್ದು ಹೋಗುವವರೂ ಇದ್ದಾರೆ. ನಡುವಿನ ಭಾಗ ಮೂತ್ರಕೋಶದೊಳಗೆ ಎಷ್ಟು ಚಾಚಿದೆ ಅಂತ ನೋಡುತ್ತೇನೆ. 10 ಮಿಲಿಮೀಟರ್ ಮೀರಿದ್ದರೆ ಗಾತ್ರ ಚಿಕ್ಕದಿದ್ದರೂ ಮೂತ್ರಕ್ಕೆ ಅಡ್ಡಿ ಇರುವ ಸಾಧ್ಯತೆ ಜಾಸ್ತಿ. ಮೂತ್ರಕೋಶದ ಗೋಡೆ ದಪ್ಪಗಾಗಿದೆಯಾ, ಕಲ್ಲು ಇದೆಯಾ, ಕಿಡ್ನಿ ಊದಿದೆಯಾ, ಇವನ್ನೂ ಬರೆಯುತ್ತೇನೆ.

ಗುದದ್ವಾರದ ಮೂಲಕ ಮಾಡುವ ಸ್ಕ್ಯಾನ್ ಅಂದರೆ ಎಲ್ಲರಿಗೂ ಹೆದರಿಕೆ. 1960ರ ದಶಕದ ಕೊನೆಗೆ ಜಪಾನಿನಲ್ಲಿ ಡಾ. ವತನಾಬೆ ಇದನ್ನು ಬಳಕೆಗೆ ತಂದಾಗ ಪ್ರೋಬ್ ಕುರ್ಚಿಯಲ್ಲೇ ಜೋಡಿಸಿತ್ತು, ರೋಗಿ ಅದರ ಮೇಲೆ ಕೂರಬೇಕಿತ್ತು! ಈಗ ಎಡಮಗ್ಗುಲಾಗಿ ಮಲಗಿ ಮೊಣಕಾಲು ಎದೆ ಕಡೆ ಎಳೆದುಕೊಂಡರೆ ಸಾಕು. ಪ್ರೋಬ್‌ಗೆ ಕವರ್, ಮೇಲೆ ಧಾರಾಳವಾಗಿ ಜೆಲ್, ಪ್ರತಿ ಹೆಜ್ಜೆಗೂ ಮೊದಲೇ ಹೇಳುವುದು. ಬಿರುಕು ಅಥವಾ ನೋವಿನ ಮೂಲವ್ಯಾಧಿ ಇದೆಯಾ ಅಂತ ಮುಂಚೆಯೇ ಕೇಳುತ್ತೇನೆ. ಚಳಿಜ್ವರದ ಜೊತೆ ಪ್ರಾಸ್ಟೇಟ್ ಉರಿಯೂತ ಬಂದವರಲ್ಲಿ ಸುಮ್ನೆ ಒತ್ತಿ ನೋಡಲು ಹೋಗುವುದಿಲ್ಲ.

ಕ್ಯಾನ್ಸರ್ ವಿಷಯದಲ್ಲಿ ಮಾತ್ರ ಈ ಸ್ಕ್ಯಾನ್ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಸುಮಾರು 70 ಪರ್ಸೆಂಟ್ ಕ್ಯಾನ್ಸರ್ ಹಿಂಬದಿಯ ಹೊರಪದರದಲ್ಲಿ ಹುಟ್ಟುತ್ತದೆ, ಕಪ್ಪು ಚುಕ್ಕೆಯಾಗಿ ಕಾಣುತ್ತದೆ ಅಂತ ಓದಿರುತ್ತೇವೆ. ಆದರೆ ಎಷ್ಟೋ ಕ್ಯಾನ್ಸರ್‌ಗಳು ಸುತ್ತಲಿನ ಬಣ್ಣದಲ್ಲೇ ಇರುತ್ತವೆ, ಕಪ್ಪು ಕಂಡದ್ದು ಹಳೆಯ ಉರಿಯೂತವೂ ಆಗಿರಬಹುದು. ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್) ಏರಿದ್ದರೆ ಎಂಆರ್‌ಐ, ಬಯಾಪ್ಸಿ ಬೇಕಾ ಅಂತ ಯೂರಾಲಜಿಸ್ಟ್, ಅಂದರೆ ಮೂತ್ರರೋಗ ತಜ್ಞರು, ತೀರ್ಮಾನಿಸಬೇಕು. ‘ಕ್ಯಾನ್ಸರ್ ಇಲ್ಲ’ ಅಂತ ನಾನು ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ ಬರೆಯುವುದಿಲ್ಲ.

ಹಳೆ ರಿಪೋರ್ಟ್ ತಂದು ‘ಪ್ರಾಸ್ಟೇಟ್ ಗಾತ್ರ ಹೋದ ವರ್ಷ 42 ಇತ್ತು, ಈಗ 47 ಆಗಿದೆಯಲ್ಲ’ ಅಂತ ಕೇಳುವವರು ಬಹಳ. ಅಷ್ಟು ವ್ಯತ್ಯಾಸ ಅಳೆಯುವ ಕೈ ಬದಲಾದರೂ ಬರುತ್ತದೆ. ಅಂಥವರಿಗೆ ನಾನು ತೋರಿಸುವುದು ಮೂತ್ರ ಎಷ್ಟು ಉಳಿದಿದೆ ಅನ್ನುವ ಸಾಲನ್ನು. ಅದು ಆಗ 30 ಮಿಲಿಲೀಟರ್ ಇದ್ದು ಈಗ 150 ಆಗಿದ್ದರೆ ಯೂರಾಲಜಿಸ್ಟ್ ಬಳಿ ಬೇಗ ಹೋಗಿ ಅನ್ನುತ್ತೇನೆ, ಹಾಗೇ ಇದ್ದರೆ ಮುಂದಿನ ಸಲವೂ ಎರಡೂ ರಿಪೋರ್ಟ್ ತನ್ನಿ ಅಂತ ಹೇಳಿ ಕಳಿಸುತ್ತೇನೆ.